ಹಿಮಕುಸಿತಕ್ಕೆ ಸಿಕ್ಕಿಬೀಳುವುದು ಹೇಗೆ? ಕಬನೂರಿನ ಚಾರಣಿಗರಿಗೊಂದು ಕೈಪಿಡಿ

ಬಳಕೆಗೆ ಮುನ್ನ: ಕಬನೂರಲ್ಲಿ ಹಿಮ ಬೀಳುವುದಿಲ್ಲ. ಆದ್ದರಿಂದ ಹಾತಕಣಂಗಲೆಯಲ್ಲಿ ರೈಲು ಹತ್ತಿ ಉತ್ತರಾಖಂಡಕ್ಕೆ ಹೋಗತಕ್ಕದ್ದು. ಪನ್ಹಾಳಗಡ ಹತ್ತಿದ ಅನುಭವವಿದ್ದರೆ ಸಾಕು.

1. ರಜೆ: ಮಗ್ಗದ ಮಾಲೀಕರಿಂದ ಕಾಡಿ ಬೇಡಿ ಪಡೆದ ರಜೆಗೆ ಸರಿಯಾಗಿ ಟಿಕೆಟ್ ಮಾಡಿಸಿ, ಒಂದು ದಿನವೂ ಹೆಚ್ಚಿಗೆ ಬೇಡ. ಹವೆ ನಿಮ್ಮ ಟಿಕೆಟ್ ನೋಡಿಕೊಂಡು ನಡೆಯುತ್ತದೆ. ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹೊರಡಿಸುವ ಹಿಮಕುಸಿತದ ಮುನ್ನೆಚ್ಚರಿಕೆ ಓದಬೇಡಿ. ಬ್ಯಾಟರಿ ರೀಲ್ಸ್‌ಗೆ ಬೇಕು.

2. ಸಾಮಾನು: ಹೂತವರನ್ನು ಹುಡುಕಲು ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ ಬೇಕಂತೆ. ಮೂರೂ ಭಾರ. ಆ ಜಾಗದಲ್ಲಿ ಭಡಂಗದ ಪೊಟ್ಟಣ ತುಂಬಿ.

3. ಇಳಿಜಾರು: 30ರಿಂದ 45 ಡಿಗ್ರಿಯದನ್ನೇ ಆರಿಸಿ, ಹಿಮ ಹೆಚ್ಚಾಗಿ ಜಾರುವುದು ಅಲ್ಲೇ. 25ಕ್ಕಿಂತ ಕಡಿಮೆಯ ಸಪ್ಪೆ ದಾರಿಯಲ್ಲಿ ಸುಮ್ಮನೆ ಬದುಕಿ ಬರುತ್ತೀರಿ.

4. ಸಮಯ: ರಾತ್ರಿಯಿಡೀ ಹಿಮ ಸುರಿದು ಬೆಳಿಗ್ಗೆ ಆಕಾಶ ತಿಳಿಯಾದ ಕೂಡಲೇ ಹೊರಡಿ. ಗಾಳಿ ಗುಡ್ಡದ ಒಂದು ಮಗ್ಗುಲಿಂದ ಹೊತ್ತು ತಂದು ಇನ್ನೊಂದು ಮಗ್ಗುಲಿಗೆ ಪೇರಿಸಿದ ಹಿಮ ಬಲು ನುಣುಪು, ಫೋಟೋಕ್ಕೆ ಚೆಂದ.

5. ಸದ್ದು: ತಾನುಗಳ ಅಟ್ಟಿಯ ನಡುವೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಕೊಂಡರೆ ಮೇಲಿನ ತಾನುಗಳು ಒಟ್ಟಿಗೆ ಜಾರುತ್ತವಲ್ಲ, ಹಿಮದ ಪದರಗಳೂ ಹಾಗೆಯೇ. ಕಾಲಿಟ್ಟಾಗ ‘ವೂಂಫ್’ ಎಂದು ಒಳಪದರ ಕುಸಿದರೆ, ಯಾರದೋ ಹೊಟ್ಟೆ ಹಸಿದಿದೆ ಎಂದು ನಕ್ಕುಬಿಡಿ. ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನರ ಮೇಲೆ ಹಿಮ ಕೆಡವಿದ್ದು ಅವರೇ, ಇಲ್ಲವೇ ಅವರ ಜೊತೆಗಾರರೇ. ಈ ಸ್ವಾವಲಂಬನೆ ಕಾಪಾಡಿಕೊಳ್ಳಿ.

6. ಸಾಲು: ಒಬ್ಬೊಬ್ಬರಾಗಿ ದಾಟಿದರೆ ಒಬ್ಬ ಹೂತರೂ ಉಳಿದವರು ಅಗೆದು ತೆಗೆದಾರು. ಆದ್ದರಿಂದ ಎಲ್ಲರೂ ಒತ್ತಾಗಿ ನಡೆಯಿರಿ. ಗೈಡ್ “ವಾಪಸ್ ಚಲೋ ಸಾಬ್” ಅಂದರೆ, “ಏನೂ ಆಗಂಗಿಲ್ಲ, ನಡೀರೋ!” ಅನ್ನಿ.

ದೋಷ ಪರಿಹಾರ: ಹತ್ತು ನಿಮಿಷದೊಳಗೆ ಹೊರತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಳಿಯುವುದಿಲ್ಲ. ಅಷ್ಟರಲ್ಲಿ ಊರಿಂದ ಯಾರೂ ಬಂದು ಮುಟ್ಟುವುದಿಲ್ಲ. ನಿಮ್ಮನ್ನು ಅಗೆಯಬೇಕಾದವರು ಜೊತೆಗಾರರೇ. ಅವರ ಕೈಯಲ್ಲಿರುವುದು ಭಡಂಗ.

ಎಚ್ಚರಿಕೆ (ಇಲ್ಲಿ ತಮಾಷೆಯಿಲ್ಲ): 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ಹಿಮ ಕುಸಿಯಿತು. ಅಲ್ಲಿಂದ ತಂದ ದೇಹಗಳು 27. ಎವರೆಸ್ಟ್ ಏರಿದ್ದ ಸವಿತಾ ಕಂಸ್ವಾಲ್ ಅವರದೂ ಅವುಗಳಲ್ಲಿತ್ತು. ಕಲಿತವರಿಗೇ ಹೀಗಾಯಿತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯಲ್ಲಿ ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹವೆ ಕೆಟ್ಟಿತೆಂದು ಠಾಣೆ ಬಿಟ್ಟು ಇಳಿಯುವ ಹಾಗಿರಲಿಲ್ಲ ಅವರಿಗೆ. ನಿಮ್ಮನ್ನು ಯಾರು ಹಿಡಿದಿದ್ದಾರೆ?

ಗ್ಯಾರಂಟಿ: ಮೇಲಿನ ಆರೂ ಸೂಚನೆ ಮೀರಿದವರಿಗೆ ಶಿಖರ ಸಿಗದೇ ಹೋಗಬಹುದು, ಟಿಕೆಟ್ಟಿನ ದುಡ್ಡೂ ಹೋಗಬಹುದು. ಮಾಲೀಕರ ಹತ್ತಿರ ಮುಂದಿನ ವರ್ಷ ಮತ್ತೆ ರಜೆ ಕೇಳುವ ಕಷ್ಟ ಮಾತ್ರ ತಪ್ಪದು.