ಬಕಪ್ರತಿಬಿಂಬ ಮೀಮಾಂಸೆ: ಅಘನಾಶಿನಿ ಖಂಡ

ಇನ್ನು ಬಕಪ್ರತಿಬಿಂಬದ ವಿಚಾರ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಮನೆಮಂದಿಯ ನಿದ್ದೆಗೆಡಿಸಿ ನಸುಕಿನಲ್ಲೇ ಎದ್ದು, ಕೈಗೂಸಿನಷ್ಟು ಭಾರದ ಲೆನ್ಸನ್ನು ಎದೆಗವಚಿಕೊಂಡು ಕುಮಟಾ ತಾಲ್ಲೂಕಿನ ಅಳಿವೆಯ ಕೆಸರಿನಲ್ಲಿ ಮೊಣಕಾಲೂರಿದವನು. ವಿಷಯ: ಬೆಳ್ಳಕ್ಕಿ ಮತ್ತು ನೀರಿನಲ್ಲಿ ಅದರ ಬಿಂಬ. ಪ್ರಯೋಜನ: ಲೈಕು. ಸಂಬಂಧ: ಹುಡುಕಲಾಗುತ್ತಿದೆ.

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟಿನ ಮುಖ ನೋಡದೆ ತದಡಿಯ ಬಳಿ ಕಡಲು ಸೇರುವ ಹೊಳೆ ಅಘನಾಶಿನಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಪಟ್ಟಿಯ ಪ್ರತಿ ಬೆಳ್ಳಕ್ಕಿಗಳಿಗೆ ತಲುಪಿದಂತಿಲ್ಲ.

ಬಿಂಬವೂ ಪ್ರತಿಬಿಂಬವೂ ಒಂದೇ ಎಂಬುದು ಅದ್ವೈತದಲ್ಲಿ ವಿವರಣ ಪ್ರಸ್ಥಾನದವರ ಮತ. ಪಾಪ, ಅವರ ಬಳಿ ಪೊಲರೈಸರ್ ಇರಲಿಲ್ಲ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುತ್ತ ಆ ಗಾಜನ್ನು ತಿರುಗಿಸಿದರೆ ಪ್ರತಿಬಿಂಬ ಅಳಿಸಿಹೋಗುತ್ತದೆ, ಹಕ್ಕಿ ಮಾತ್ರ ನಿಂತೇ ಇರುತ್ತದೆ. ಅಲ್ಲದೆ ದಡದಿಂದ ಹಕ್ಕಿಯ ಬೆನ್ನು ಕಂಡರೆ, ನೀರಿನಲ್ಲಿ ಕಾಣುವುದು ಅದರ ಹೊಟ್ಟೆ. ಆದರೂ ಫೋಕಸ್ಸಿನ ವಿಷಯದಲ್ಲಿ ವಿವರಣದವರಿಗೆ ಅರ್ಧ ಅಂಕ ಕೊಡಲೇಬೇಕು: ನೀರಿನ ಮೇಲ್ಮೈಗೆ ಫೋಕಸ್ ಇಟ್ಟವನಿಗೆ ಬಿಂಬ ಮಸುಕು, ಹಕ್ಕಿಯಷ್ಟು ದೂರಕ್ಕೆ ಇಟ್ಟವನಿಗೆ ಸ್ಫುಟ.

ಈ ವ್ಯಾಜ್ಯದಲ್ಲಿ ಸಾಕ್ಷಿಯಾಗಬಲ್ಲದ್ದು ಬೆಳ್ಳಕ್ಕಿಯೊಂದೇ. ಬೆಳಕು ಬಾಗುವುದರಿಂದ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದಷ್ಟೆ. ಬೆಳ್ಳಕ್ಕಿ ಆ ವ್ಯತ್ಯಾಸ ಕಳೆದೇ ಕೊಕ್ಕು ಹಾಕುತ್ತದೆ. ಹಾಕಿದ ಕೂಡಲೇ ಕನ್ನಡಿ ಚೂರು, ಸಾಕ್ಷಿ ನಾಶ.

ಇಲ್ಲಿಂದಲೇ ಶಾಸ್ತ್ರದ ಮುಖ್ಯ ಸಂಕಟ ಶುರು. ಉಬ್ಬರದಲ್ಲಿ ನೀರು ತುಂಬಿ ನಿಂತಾಗ ಕನ್ನಡಿ ಸಿದ್ಧ. ಆದರೆ ಮೇಯುವ ಕೆಸರು ಮುಳುಗಿರುವುದರಿಂದ ಹಕ್ಕಿಗಳು ಕಾಂಡ್ಲಾ ಗಿಡಗಳ ಮೇಲೆ ಬೆನ್ನು ತೋರಿಸಿ ಕೂತಿರುತ್ತವೆ. ಇಳಿತದಲ್ಲಿ ಹಕ್ಕಿಗಳು ಹಾಜರು, ಕನ್ನಡಿ ನಾಪತ್ತೆ. ನವ್ಯರು ಅರ್ಧ ಇಳಿದ ನೀರನ್ನು ಸಮನ್ವಯವೆಂದು ಸೂಚಿಸುತ್ತಾರೆ. ಒಪ್ಪೋಣ. ಆದರೆ ಅದು ಕಡಲಗಾಳಿ ಏಳುವ ಮುನ್ನ, ನಸುಕಿನಲ್ಲೇ ಒದಗಬೇಕು. ಉಬ್ಬರವಿಳಿತವೋ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹೀಗಾಗಿ ಪಕ್ಷಕ್ಕೆ ಕೆಲವೇ ಮುಹೂರ್ತಗಳು. ಮದುವೆಮನೆಯವರಿಗಾದರೆ ಪಂಚಾಂಗದವರು ಹೇಗೋ ಹೊಂದಿಸಿಕೊಡುತ್ತಾರೆ. ಚಂದ್ರನಿಗೆ ಆ ದಾಕ್ಷಿಣ್ಯವಿಲ್ಲ.

ಕಡೆಯದು ವಿಘ್ನಾಧಿಕರಣ. ಆ ಮುಹೂರ್ತದಲ್ಲೇ ಬಳಚು ಆಯುವ ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಅವರಿಂದ ಬಿಂಬ ಕದಡುತ್ತದೆಂದು ಪೂರ್ವಪಕ್ಷ. ಕದಡಿದ ಕೆಸರಿನ ಹಿಂದೆಯೇ ಬೆಳ್ಳಕ್ಕಿ ಬರುವುದೆಂದು ಉತ್ತರಪಕ್ಷ. ಸ್ವಲ್ಪ ಸರಿದು ನಿಲ್ಲಿರೆಂದು ವಿನಂತಿಸಿದ ಅಧಿಕಾರಿಗೆ ಅವರಲ್ಲೊಬ್ಬರು, ತಲೆ ಎತ್ತದೆಯೇ, ಒಂದು ಆಕ್ಷೇಪ ಎತ್ತಿದ್ದುಂಟು: "ಬೆಳ್ಳಕ್ಕಿ ನಿಮ್ಮೂರಲ್ಲಿ ಇಲ್ವಾ ಅಣ್ಣ?"

ಇದಕ್ಕೆ ಸಮಾಧಾನವನ್ನು ಎರಡನೆಯ ಸಂಪುಟದಲ್ಲಿ ಹೇಳಲಾಗುವುದು.