ಶ್ರೀಮಾನ್ ಹಡಗಪ್ಪನವರಿಗೆ ಬಿನ್ನವತ್ತಳೆ

ವೇದಿಕೆಯ ನಡುವೆ ಖಾಲಿ ಇರುವ ಸಿಂಹಾಸನದಂಥ ಆ ಕುರ್ಚಿಗೂ, ಅದರ ಎಡಬಲಕ್ಕೆ ಕೂತಿರುವ ಗಣ್ಯಮಾನ್ಯರಿಗೂ, ಬಳ್ಳಾರಿಯಿಂದ ಕಾರಿನಲ್ಲಿ, ಕುರುಗೋಡಿನಿಂದ ಬಸ್ಸಿನಲ್ಲಿ, ದೇಶನೂರಿನಿಂದ ಟ್ರ್ಯಾಕ್ಟರಿನಲ್ಲಿ ಬಂದ ಬಂಧುಗಳಿಗೂ ಶರಣು. ನಾನು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಅಭಿನಂದನಾ ನುಡಿ ಆಡಬೇಕಿದ್ದ ಸಾಹಿತಿಗಳು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರಿಂದ, ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಈ ಬಿನ್ನವತ್ತಳೆ ನನ್ನ ಪಾಲಿಗೆ ಬಂದಿದೆ.

ಸನ್ಮಾನಿತರು ಬಂದಿಲ್ಲ. ಯಾರೂ ಬೇಸರ ಮಾಡಿಕೊಳ್ಳಬಾರದು. ಅವರು ಐಷಾರಾಮಿ ಪ್ರವಾಸಿ ಹಡಗು. ನಮ್ಮ ಹೊಳೆಯಲ್ಲೋ ಈಗ ಎಮ್ಮೆಯೂ ಬೆನ್ನು ನೆನೆಸಿಕೊಳ್ಳಲಾರದು. ನಿಜ ಹೇಳಬೇಕೆಂದರೆ ನಾವು ಅವರನ್ನು ಕರೆದಿಲ್ಲ, ಅವರು ಬರುತ್ತೇವೆಂದಿಲ್ಲ, ಈ ಊರಿಗೆ ಹಡಗು ತರುವ ಯೋಜನೆ ಯಾವ ಕಚೇರಿಯ ಕಡತದಲ್ಲೂ ಇಲ್ಲ. ಬಂದವರಿಗೆ ಹಾರ ಹಾಕುವುದನ್ನು ಎಲ್ಲ ಊರಿನವರೂ ಮಾಡುತ್ತಾರೆ. ಬಾರದವರಿಗೆ ಮುಂಗಡವಾಗಿ ಹಾಕಿಡುವುದು ಸಿರುಗುಪ್ಪದ ದೊಡ್ಡಸ್ತಿಕೆ.

ಮಹನೀಯರೇ, ಹಡಗಿನ ನಿಲ್ದಾಣವಾಗಲು ನಮಗೇನು ಕಡಿಮೆ? ಸಿರುಗುಪ್ಪದ ಹತ್ತಿರ ತುಂಗಭದ್ರೆ ಎರಡಾಗಿ ಒಡೆದು ಹರಿದು ದೇಶನೂರಿನ ನಡುಗಡ್ಡೆಯನ್ನು ಮಾಡಿಕೊಟ್ಟಿದ್ದಾಳೆ. ದ್ವೀಪ ಇದೆ, ದ್ವೀಪದಲ್ಲಿ ಜನ ಇದ್ದಾರೆ, ಜನರ ಕೈಯಲ್ಲಿ ಭತ್ತ ಇದೆ. ನೀರೊಂದನ್ನು ಹೇಗಾದರೂ ಹೊಂದಿಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ನಮ್ಮ ಹೊಳೆಯಲ್ಲಿ ಹಡಗಿಗೆ ಸಾಲುವಷ್ಟು ನೀರಿತ್ತು. ಮುಂದಿನ ಗೇಟು ಮುರಿಯುವ ದಿನಾಂಕವನ್ನು ಸಂಬಂಧಪಟ್ಟವರು ಮೊದಲೇ ತಿಳಿಸಿದರೆ ಟಿಕೆಟ್ ಮಾರಾಟಕ್ಕೆ ಅನುಕೂಲ. ಇದು ಹುಚ್ಚು ಕನಸೆಂದು ಯಾರೋ ಹಿಂದೆ ಕೂತು ನಗುತ್ತಿದ್ದೀರಿ. 2023ರ ಜನವರಿಯಲ್ಲಿ ಗಂಗಾ ವಿಲಾಸ ಎಂಬ ಹಡಗು ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನ, 3,200 ಕಿಲೋಮೀಟರು ಹೊಳೆಯಲ್ಲೇ ಹೊರಟಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ‘ಕ್ರೂಸ್ ಭಾರತ್ ಮಿಷನ್’ ಎಂದು ಹೆಸರಿಟ್ಟು, ಹಡಗಿನ ಪ್ರವಾಸಿಗರನ್ನು ಐದು ವರ್ಷದಲ್ಲಿ ದುಪ್ಪಟ್ಟು ಮಾಡುತ್ತೇವೆಂದಿತು. ದುಪ್ಪಟ್ಟಾದವರು ಎಲ್ಲಾದರೂ ಇಳಿಯಲೇಬೇಕಲ್ಲ?

ಅಷ್ಟಕ್ಕೂ ಬಳ್ಳಾರಿ ಸೀಮೆಗೆ ಹಡಗು ಹೊಸ ನೆಂಟನಲ್ಲ. ಅದಿರಿನ ಕಾಲದಲ್ಲಿ ನಮ್ಮ ಗುಡ್ಡಗಳೇ ಲಾರಿ ಹತ್ತಿ, ಬೇಲೇಕೇರಿ ಬಂದರಿನಲ್ಲಿ ಇಳಿದು, ಅಲ್ಲಿಂದ ಹಡಗು ಹತ್ತಿ ಚೀನಾ ನೋಡಲು ಹೋದವು. ಜಪ್ತಿ ಮಾಡಿ ಬಂದರಿನಲ್ಲಿ ಇಟ್ಟಿದ್ದ ಅದಿರೂ 2010ರಲ್ಲಿ ಲಕ್ಷಗಟ್ಟಲೆ ಟನ್ ಲೆಕ್ಕದಲ್ಲಿ ಕಾಣೆಯಾಯಿತು. 2011ರ ಲೋಕಾಯುಕ್ತ ವರದಿಯಲ್ಲಿ ಆ ಪ್ರವಾಸಕಥನ ವಿವರವಾಗಿದೆ. ಹೋದ ಗುಡ್ಡ ಒಂದೂ ವಾಪಸು ಬರಲಿಲ್ಲ. ಈಗ ಹಡಗೇ ಬಂದರೆ ಹಳೇ ಬಾಕಿ ತೀರಿದ ಹಾಗೆ.

ಇನ್ನು ಸನ್ಮಾನಿತರ ವಂಶಾವಳಿ. 2024ರ ಜನವರಿಯಲ್ಲಿ ಮೊದಲ ಪ್ರವಾಸ ಹೊರಟ ಇವರ ಹಿರಿಯಣ್ಣ ‘ಐಕಾನ್ ಆಫ್ ದಿ ಸೀಸ್’ ಸುಮಾರು 365 ಮೀಟರ್ ಉದ್ದ, 20 ಅಂತಸ್ತು. ತುಂಬಿದಾಗ 7,600 ಪ್ರವಾಸಿಗರು, ಅವರಿಗೆ ಸೇವೆ ಮಾಡಲು 2,350 ಸಿಬ್ಬಂದಿ. ಇಂಥ ಮೈಗೆ ಮೈಸೂರು ರೇಷ್ಮೆಯ ಶಾಲು ಎಲ್ಲಿ ಸಾಕಾದೀತು? ಬಳ್ಳಾರಿಯ ಜೀನ್ಸ್ ಹೊಲಿಯುವ ಅಣ್ಣಂದಿರು ಪ್ಯಾಂಟಿನ ಬಟ್ಟೆಯಲ್ಲೇ ಶಾಲು ಹೊಲಿದುಕೊಡಲು ಒಪ್ಪಿದ್ದಾರೆ, ಜೇಬು ಸಮೇತ. ಜೇಬಿಗೆ ಏನು ಬೀಳುತ್ತದೆಂಬುದು ಬೇರೆ ಪ್ರಶ್ನೆ. ನನ್ನಂಥ ಗುಮಾಸ್ತನಿಗೆ ಬರುವುದು ಅದೊಂದೇ ಪ್ರಶ್ನೆ.

ನಾನು ಗಿರಣಿ ಮಾಲೀಕರಿಗೆ ಹೇಳಿದೆ: ‘ಧಣಿ, ಒಂದೇ ಸಲಕ್ಕೆ ಹತ್ತು ಸಾವಿರ ಹೊಟ್ಟೆ ಬರ್ತಾವೆ, ಸೋನಾ ಮಸೂರಿ ಎಷ್ಟು ಚೀಲ ಎತ್ತಿಡೋಣ?’ ಆಮೇಲೆ ವಿಚಾರಿಸಿದರೆ ತಿಳಿಯಿತು, ಒಂದು ಚೀಲವೂ ಬೇಡ. ಹಡಗಿನ ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಬಹುಪಾಲು ಅದು ಹೊರಡುವ ದೊಡ್ಡ ಬಂದರಿನಲ್ಲೇ ತುಂಬಿರುತ್ತದೆ. ಹಾಸಿಗೆ ಅಲ್ಲೇ, ಅಂಗಡಿ ಅಲ್ಲೇ, ಈಜುಕೊಳ ಅಲ್ಲೇ. ನವಮಂಗಳೂರು ಬಂದರಿಗೆ ಬರುವ ಹಡಗಿನವರನ್ನು ಯಕ್ಷಗಾನದ ವೇಷ ನಿಲ್ಲಿಸಿ ಬರಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೇರುಬೀಜದ ಕಾರ್ಖಾನೆ ನೋಡಿ, ರಾತ್ರಿಯೂಟಕ್ಕೆ ಹಡಗಿಗೇ ಮರಳುತ್ತಾರೆ. ಬುತ್ತಿ ಕಟ್ಟಿಕೊಂಡೇ ಬಂದು, ನಮ್ಮ ಜಗಲಿಯಲ್ಲಿ ಉಂಡು, ಎಲೆ ಮಾತ್ರ ಅಂಗಳದಲ್ಲಿ ಬಿಟ್ಟುಹೋಗುವ ಬೀಗರು ಇವರು. ನಮ್ಮಲ್ಲಿಗೆ ಬಂದರೂ ಅಷ್ಟೇ: ಕುರುಗೋಡಿನ ದೊಡ್ಡ ಬಸವಣ್ಣನಿಗೆ ಇಪ್ಪತ್ತು ನಿಮಿಷ, ಬಳ್ಳಾರಿ ಗುಡ್ಡದ ಕೋಟೆಗೆ ಬಸ್ಸಿನ ಕಿಟಕಿಯಿಂದಲೇ ಒಂದು ಫೋಟೋ. ಗುಡ್ಡ ಹತ್ತಿದರೆ ಬೆವರು ಬರುತ್ತದೆ, ಬೆವರಿಗೆ ಪ್ಯಾಕೇಜಿನಲ್ಲಿ ಜಾಗವಿಲ್ಲ.

ದೇಶನೂರಿನ ತಾಯಂದಿರೇ, ನಿಮಗೆ ಸ್ವಲ್ಪ ತರಬೇತಿ ಬೇಕಾಗುತ್ತದೆ. ಗ್ರೀಸಿನ ಸಾಂಟೊರಿನಿ ದ್ವೀಪದಲ್ಲಿ ಇರುವ ಜನ ಸುಮಾರು ಹದಿನೈದು ಸಾವಿರ. ಸುಗ್ಗಿಯ ದಿನಗಳಲ್ಲಿ ಹಡಗಿನಿಂದ ಇಳಿಯುತ್ತಿದ್ದವರು ಅದಕ್ಕಿಂತ ಹೆಚ್ಚು. 2024ರ ಜುಲೈಯಲ್ಲಿ ಒಂದು ದಿನ ಅಲ್ಲಿನ ಸ್ಥಳೀಯ ಆಡಳಿತದ ಕಡೆಯಿಂದಲೇ, ಇವತ್ತು ಹಡಗುಗಳು ಬರುತ್ತಿವೆ, ಊರವರು ಓಡಾಟ ಕಡಿಮೆ ಮಾಡಿ ಎಂಬ ಸೂಚನೆ ಹೊರಟಿತು. ಜನ ಬೈದ ಮೇಲೆ ಅದನ್ನು ಅಳಿಸಿದರು. ನೀವೂ ಅಭ್ಯಾಸ ಮಾಡಿಕೊಳ್ಳಿ: ಹಡಗು ಬಂದ ದಿನ ಎಮ್ಮೆ ಕಟ್ಟಿಹಾಕಿ, ಬಾಗಿಲು ಹಾಕಿ, ಒಳಗೆ ಕೂತು ನಿಮ್ಮೂರು ಎಷ್ಟು ಚೆಂದ ಎಂದು ಮೊಬೈಲಿನಲ್ಲಿ ನೋಡಿ. ಒಪ್ಪದಿದ್ದರೆ? ಮತ ಹಾಕಬಹುದು. ಅಮೆರಿಕದ ಕೀ ವೆಸ್ಟ್ ದ್ವೀಪದವರು 2020ರ ನವೆಂಬರಿನಲ್ಲಿ ದೊಡ್ಡ ಹಡಗು ಬೇಡ, ದಿನಕ್ಕೆ 1,500 ಜನಕ್ಕಿಂತ ಹೆಚ್ಚು ಇಳಿಯುವುದು ಬೇಡ ಎಂದು ಮತ ಹಾಕಿ ಗೆದ್ದರು. ಮರುವರ್ಷ ಫ್ಲಾರಿಡಾ ರಾಜ್ಯವೇ ಕಾನೂನು ತಂದು ಆ ಗೆಲುವನ್ನು ಒರೆಸಿತು. ಇಂಥ ವಿದ್ಯೆಯಲ್ಲಿ ನಾವು ಮಾತ್ರ ಜಾಣರು ಎಂದುಕೊಂಡಿದ್ದೆ.

ಈಗ ಹೇಳುವುದು ಶುಭ ಸಮಾರಂಭದಲ್ಲಿ ಹೇಳಬಾರದ ಮಾತು, ಸಮಿತಿಯವರು ಚೀಟಿಯಲ್ಲಿ ಹೊಡೆದುಹಾಕಿದ್ದರು. ಇದೇ ಹೊಳೆಯ ಮೇಲುಗಡೆ, ಹಂಪಿಯ ವಿರೂಪಾಕ್ಷನ ಗುಡಿಯ ಎದುರು ದಡದಲ್ಲಿ, ವಿರೂಪಾಪುರ ಗಡ್ಡಿ ಇದೆ. ಗಂಗಾವತಿ ತಾಲ್ಲೂಕಿನದು. ಅಲ್ಲಿಗೆ ಬರುತ್ತಿದ್ದ ಪರದೇಶದ ಹುಡುಗ ಹುಡುಗಿಯರು ದೋಣಿಯಲ್ಲಿ ದಾಟಿ, ಗದ್ದೆಯಂಚಿನ ಗುಡಿಸಿಲಲ್ಲಿ ವಾರಗಟ್ಟಲೆ ಇರುತ್ತಿದ್ದರು. ಅಲ್ಲೇ ಬಾಡಿಗೆ ಮೊಪೆಡ್ಡು, ಅಲ್ಲೇ ಊಟ, ಅಲ್ಲೇ ಹರಿಗೋಲು. ಕೈಯಲ್ಲಿ ಕಾಸು ಕಡಿಮೆ, ಆದರೆ ಇದ್ದಷ್ಟೂ ಆ ಮಣ್ಣಿನಲ್ಲೇ ಉದುರುತ್ತಿತ್ತು. ಗುಮಾಸ್ತನ ಕಣ್ಣಿನಲ್ಲಿ ಒಳ್ಳೇ ಗಿರಾಕಿಗಳು.

ಎಲ್ಲ ಸರಿಯಿತ್ತು ಎನ್ನಲಾರೆ. 1988ರ ಅಧಿಸೂಚನೆಯಲ್ಲೇ ಅದು ಸಂರಕ್ಷಿತ ಪ್ರದೇಶ. ಭತ್ತದ ಗದ್ದೆಯಲ್ಲಿ ರೆಸಾರ್ಟು ಎದ್ದವು, ಗದ್ದಲ ಎದ್ದಿತು. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು ದೋಣಿ, ಹೆಲಿಕಾಪ್ಟರು ತಂದು ಎತ್ತಬೇಕಾಯಿತು. ಆ ರೆಸಾರ್ಟುಗಳನ್ನು ತೆರವು ಮಾಡಬೇಕೆಂಬ 2015ರ ಹೈಕೋರ್ಟ್ ಆದೇಶವನ್ನು 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಜೆಸಿಬಿ ಬಂದವು. ಕೋರ್ಟಿನ ಮಾತಿಗೆ ನನ್ನ ತಕರಾರಿಲ್ಲ, ಹಂಪಿಯ ಕಲ್ಲು ಉಳಿಯಬೇಕು. ತಕರಾರು ನಮ್ಮ ಮರ್ಯಾದೆಯ ಅಳತೆಗೋಲಿನದು. ಮೂರು ವಾರ ಇದ್ದು ನಮ್ಮ ಅನ್ನ ಉಂಡವನನ್ನು ಹಿಪ್ಪಿ ಎಂದೆವು. ಮೂರು ತಾಸು ಇದ್ದು ನೀರಿನ ಬಾಟಲಿಯನ್ನೂ ಜೊತೆಗೇ ತರುವವನಿಗೆ ಮಿಷನ್ನು, ರತ್ನಗಂಬಳಿ. ದೋಣಿ ಹುಟ್ಟುಹಾಕುತ್ತಿದ್ದವನನ್ನು ರೆಸಾರ್ಟು ಕಟ್ಟುವಾಗ ಯಾರೂ ಕೇಳಲಿಲ್ಲ, ಒಡೆಯುವಾಗಲೂ ಕೇಳಲಿಲ್ಲ. ಹಡಗು ಬಂದರೆ ಅವನನ್ನು ಕೇಳುವ ಪ್ರಮೇಯವೇ ಬರುವುದಿಲ್ಲ, ಆ ಮಟ್ಟಿಗೆ ಸುಧಾರಣೆ.

ಸಮಿತಿಯವರು ಗಂಟೆ ಬಾರಿಸುತ್ತಿದ್ದಾರೆ, ಮುಗಿಸುತ್ತೇನೆ. ಹಾರ, ಫಲತಾಂಬೂಲ, ಬಳ್ಳಾರಿಯ ಅಂಜೂರದ ಬುಟ್ಟಿ, ಜೇಬುಳ್ಳ ಶಾಲು ಇವಿಷ್ಟನ್ನೂ ಸನ್ಮಾನಿತರ ಪರವಾಗಿ ಕುರ್ಚಿಗೆ ಅರ್ಪಿಸಲಾಗಿದೆ. ಅಂಜೂರವನ್ನು ಆಗಲೇ ಯಾರೋ ಅರ್ಧ ಖಾಲಿ ಮಾಡಿದ್ದಾರೆ. ಸಭಿಕರಿಗೆ ಪೆಂಡಾಲಿನ ಹಿಂದೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇದೆ. ಹಡಗಿನ ಕಡೆಯವರು ಯಾರಾದರೂ ಇದ್ದರೆ ತಮ್ಮ ಊಟ ತಾವೇ ತಂದಿರುತ್ತಾರಾದ್ದರಿಂದ ಅವರಿಗೆ ಕೂಪನ್ ಇಲ್ಲ. ದೇಶನೂರಿನವರು ಮೊದಲು ತಿಂದುಬಿಡಿ. ಇವತ್ತು ರಾತ್ರಿ ಕಾಲುವೆ ನೀರಿನ ಪಾಳಿ ನಿಮ್ಮದಂತೆ, ತಡ ಮಾಡಿದರೆ ಮೇಲಿನ ಹೊಲದವರು ತಿರುವಿಕೊಳ್ಳುತ್ತಾರೆ.