ವಿರಾಮರಾಯರ ಪಾರಾಯಣ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಣ ಇಂದಾಪುರಕ್ಕೆ ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಬಂದು ನೆಲೆಸಿದ ಕನ್ನಡಿಗರಲ್ಲಿ, ಓದುವುದಕ್ಕಿಂತಲೂ ಓದಿನ ಏರ್ಪಾಟಿನಲ್ಲಿಯೇ ಬ್ರಹ್ಮಾನಂದವನ್ನು ಕಾಣತಕ್ಕ ಒಂದು ವರ್ಗವುಂಟು. ಆ ವರ್ಗದ ಶಿರೋಮಣಿಯನ್ನು ನಾವು ವಿರಾಮರಾಯರೆಂದು ಕರೆಯೋಣ. ನಿಜನಾಮಧೇಯದ ಗೊಡವೆ ನಮಗೇಕೆ? ರಾಯರದು ಇಂಡಿ ತಾಲೂಕಿನ ಭೀಮಾತೀರ. ಉಜನಿ ಅಣೆಕಟ್ಟಿನ ಹಿನ್ನೀರಾಗಿ ಇಂದಾಪುರದ ನೆರೆಯಲ್ಲಿ ಹರಡಿ ನಿಂತ ಭೀಮೆಯೇ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ಮುಂದೆ ತಮ್ಮ ಸೀಮೆಗೆ ಇಳಿದು ಬರುವಳಾದ್ದರಿಂದ, ತಾವು ಪರಸ್ಥಳಕ್ಕೆ ಬಂದವರಲ್ಲ, ಪ್ರವಾಹಕ್ಕೆ ಇದಿರಾಗಿ ತುಸು ಮೇಲೇರಿದವರು ಮಾತ್ರ ಎಂಬುದು ಅವರ ಸಿದ್ಧಾಂತ.

2015ರಲ್ಲಿ ಬ್ಯಾಂಕುಗಳಿಗೆ ಎರಡನೆಯ, ನಾಲ್ಕನೆಯ ಶನಿವಾರಗಳ ರಜೆ ಪ್ರಾಪ್ತವಾದಂದಿನಿಂದ ರಾಯರ ಪಂಚಾಂಗಾವಲೋಕನವು ಜೋಯಿಸರನ್ನೂ ನಾಚಿಸುವಷ್ಟು ಸೂಕ್ಷ್ಮವಾಗಿದೆ. ನಾಲ್ಕನೆಯ ಶನಿವಾರ, ಭಾನುವಾರ, ಅದರ ಬೆನ್ನಿಗೇ ಸೋಮವಾರ ಗಣರಾಜ್ಯೋತ್ಸವ, ಹೀಗೊಂದು ಮಹಾಯೋಗ ಕೂಡಿಬಂದಾಗ, ಭೈರಪ್ಪನವರ 'ಪರ್ವ' ಕಪಾಟಿನಿಂದ ಕೆಳಗಿಳಿಯುತ್ತದೆ. 1979ರಲ್ಲಿ ಪ್ರಕಟವಾದ ಈ ಬೃಹತ್ಕೃತಿಯನ್ನು ಅವಸರದಲ್ಲಿ ಓದುವುದು ವ್ಯಾಸರಿಗೂ ಭೈರಪ್ಪನವರಿಗೂ ಏಕಕಾಲದಲ್ಲಿ ಎಸಗುವ ಅಪಚಾರವೆಂದು ಅವರು ಎಷ್ಟೋ ವರ್ಷಗಳಿಂದ ಅದನ್ನು ಓದದೆ ಕಾಪಾಡಿದ್ದಾರೆ.

ಶನಿವಾರದ ಪ್ರಾತಃಕಾಲವು ಪುಸ್ತಕಕ್ಕೆ ರಟ್ಟು ಹಾಕುವುದರಲ್ಲಿಯೂ, ಆರಾಮಕುರ್ಚಿಗೆ ಬಿಸಿಲು ತಾಕದ, ಆದರೆ ಬೆಳಕು ತಪ್ಪದ ಸ್ಥಾನವನ್ನು ಅರಸುವುದರಲ್ಲಿಯೂ ಸಂದುಹೋಗುತ್ತದೆ. ಸ್ಥಾನ ದೊರೆತು, ಚಹಾ ಬಂದು, ಕನ್ನಡಕ ಒರೆಸಿ, ಮೊದಲ ವಾಕ್ಯಕ್ಕೆ ದೃಷ್ಟಿಯಿಡುವಷ್ಟರಲ್ಲಿ, ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರೊಂದು ಎರಡು ಟ್ರೇಲರುಗಳನ್ನೆಳೆಯುತ್ತ, ಓಣಿಯೆಲ್ಲ ಕೇಳುವಂತೆ ಲಾವಣಿ ಹಾಡಿಸುತ್ತ ಸಾಗುವುದು. ಏಕಾಗ್ರತೆ ಭಂಗವಾದ ಮೇಲೆ ಮೊದಲಿನಿಂದ ಆರಂಭಿಸಬೇಕೆಂಬುದು ಅವರ ನಿಯಮ; ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಗೆ ಕೊನೆಯಿಲ್ಲ.

ಭಾನುವಾರ ಊರಿನಿಂದ ಬಂದ ನೆಂಟರಿಗೆ ಭಿಗವಣದ ಹಿನ್ನೀರಿನಲ್ಲಿ ರಾಜಹಂಸಗಳನ್ನು ತೋರಿಸಲೇಬೇಕಾಯಿತು. ಗ್ರಂಥವೂ ಚೀಲದಲ್ಲಿ ಕುಳಿತು ದೋಣಿವಿಹಾರ ಮಾಡಿತು. ಮರಳುವಾಗ ಹೊಲದಲ್ಲಿ ಸೀತನಿ ತಿನ್ನುವ ಸಂಭ್ರಮಕ್ಕೂ ಸಾಕ್ಷಿಯಾಯಿತು. ಸೋಮವಾರ ಶಾಖೆಯಲ್ಲಿ ಧ್ವಜವಂದನೆ, ಅನಂತರ ಜಿಲೇಬಿ, ತತ್ಪರಿಣಾಮವಾದ ನಿದ್ರೆ.

ಇತ್ತ ನೆರೆಮನೆಯ ನಿವೃತ್ತ ಗುರೂಜಿಯವರಿಗೆ ವರ್ಷವೆಲ್ಲ ರಜೆಯೇ ಆದ್ದರಿಂದ, ರಜೆಯನ್ನು ಗೌರವಿಸುವ ಸಂಸ್ಕಾರವೇ ಇಲ್ಲ. ರಾಯರ ಪ್ರಶಂಸೆಗೆ ಮನಸೋತು, ಪುಣೆಯ ಉಮಾ ಕುಲಕರ್ಣಿಯವರು ಮರಾಠಿಗೆ ತಂದ 'ಪರ್ವ'ವನ್ನು ವಾಚನಾಲಯದಿಂದ ತಂದುಕೊಂಡ ಆ ಪುಣ್ಯಾತ್ಮರು, ಬೇವಿನ ಮರದಡಿಯ ಹೊರಸಿನ ಮೇಲೆ, ಮೊಮ್ಮಕ್ಕಳ ಗದ್ದಲದ ನಡುವೆ, ಅದೇ ಲಾವಣಿಗಳಿಗೆ ಕಾಲಿನಿಂದ ತಾಳ ಹಾಕುತ್ತ, ಸೋಮವಾರ ಸಂಜೆಗೆ ಅಷ್ಟನ್ನೂ ಓದಿ ಮುಗಿಸಿ, ಮೂಲವನ್ನು ಬಲ್ಲವರೆಂಬ ಭಕ್ತಿಯಿಂದ ರಾಯರ ಬಳಿಗೆ ಬಂದು, ಯುದ್ಧ ಮುಗಿದ ಮೇಲಿನ ಭಾಗವು ಕನ್ನಡದಲ್ಲಿಯೂ ಹೀಗೆಯೇ ಕರುಳು ಹಿಂಡುವುದೇ ಎಂದು ವಿಚಾರಿಸಿದರು. ಗ್ರಂಥಾರಂಭದ ಮದ್ರದೇಶದ ಎಲ್ಲೆಯನ್ನೇ ಇನ್ನೂ ದಾಟದ ರಾಯರು, ಕ್ಷಣಕಾಲ ಕಣ್ಮುಚ್ಚಿ, ಮೂಲದ ಸವಿ ಮೂಲದಲ್ಲಿಯೇ ಸರಿಯೆಂದು ಗಂಭೀರವಾಗಿ ಅಪ್ಪಣೆ ಕೊಡಿಸಿದರು. ಗುರೂಜಿ ಕೈಮುಗಿದು ಹೊರಟರು.

ರಾತ್ರಿ ಮನೆಯವರು, "ಪುಸ್ತಕ ಕಪಾಟಿನಾಗ ಇಡ್ಲೇನ್ರೀ?" ಎಂದು ಕೇಳಿದರು. ರಾಯರು ಗೋಡೆಯ ಕ್ಯಾಲೆಂಡರಿನಿಂದ ದೃಷ್ಟಿಯನ್ನು ಕೀಳದೆ ಪರಮಾನಂದಭರಿತರಾಗಿ ಉತ್ತರಿಸಿದರು: "ಬ್ಯಾಡ, ಅಲ್ಲೇ ಇರ್ಲಿ. ನಮ್ಮ ಪುಣ್ಯಾ ನೋಡು, ಈ ವರ್ಷ ಗುಡ್ ಫ್ರೈಡೇ ಶುಕ್ರವಾರನ ಬಂದದ!"